ಮನ್ಮಥಪ್ಪ ಆರಿಸಿಕೊಟ್ಟ ಮರಿ

ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಮನ್ಮಥಪ್ಪನ ಕಿವಿಗೆ ದೊಡ್ಡ ಹೆಸರಿತ್ತು. ಭಾಲ್ಕಿ ಕಡೆಯ ಆಳು, ಏಳನೇ ಇಯತ್ತೆಗೇ ಶಾಲೆಗೆ ಕೈಮುಗಿದವನು. ಆದರೂ ತಿರುಗುವ ಯಂತ್ರಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ಆನಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗಿನ ಹುಳುಕನ್ನು ಹೊರಗೆ ನಿಂತೇ ಹೇಳುತ್ತಿದ್ದ. ಓದಿದ ಎಂಜಿನಿಯರುಗಳೂ ಅವನ ಮಾತಿಗೆ ಕಾಯುತ್ತಿದ್ದರು. ಅದರ ಜಂಬವೂ ಅವನಿಗೆ ಕೊಂಚ ಇತ್ತು, ಸುಳ್ಳೇಕೆ?

೧೯೭೧ರಲ್ಲಿ ಕಾರ್ಖಾನೆಯ ಕಾಲೊನಿಯ ಒಂದು ಮನೆಯಲ್ಲಿ ಪಾಮರೇನಿಯನ್ ನಾಯಿ ನಾಲ್ಕು ಮರಿ ಹಾಕಿತು. ನಾಸಿಕದಲ್ಲಿ ಖಾನಾವಳಿ ನಡೆಸುತ್ತಿದ್ದ ಕುಂದಾಪುರದ ಜಲಜಾಕ್ಷಿಗೆ ಒಂದು ಬೇಕಿತ್ತು. ಭಾನುವಾರಗಳಲ್ಲಿ ಅವಳ ಕೈಯೂಟ ಉಣ್ಣುತ್ತಿದ್ದ ಮನ್ಮಥಪ್ಪನೇ ಆರಿಸಿಕೊಡಲು ಅವಳ ಜೊತೆ ಹೋದ. ಒಂದೊಂದೇ ಮರಿಯನ್ನು ಎತ್ತಿ ಎದೆಗೆ ಬೆರಳಿಟ್ಟ. ಮೂರನೆಯದರ ಎಡಗಂಕುಳ ಹತ್ತಿರ ಝುಮ್ಮೆನ್ನುವ ಅದುರು. ಕಿವಿಯಿಟ್ಟರೆ ಬಿಡುವಿಲ್ಲದ ಗುಂಯ್ ಸದ್ದು.

"ಇದನ್ನ ಒಯ್ಯಿರಿ ಅಕ್ಕಾರ. ಉಳಿದವು ಕೈಗಡಿಯಾರ ಇದ್ದಂಗ ಟಿಕ್‌ಟಿಕ್ ಅಂತಾವ. ಇದು ಮೋಟರ್ ನೋಡ್ರಿ!"

ನಾಲ್ಕು ತಿಂಗಳಾಗುವಷ್ಟರಲ್ಲಿ ಮುತ್ತು ಎಂದು ಹೆಸರಿಟ್ಟ ಆ ಮರಿ ಒಂದು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿತ್ತು. ಕೆಮ್ಮು ಬೇರೆ. ಜಲಜಾಕ್ಷಿಗೆ ತರಕಾರಿ ಕೊಳ್ಳುವಷ್ಟೇ ಮರಾಠಿ. ಆದ್ದರಿಂದ ಪಶುವೈದ್ಯ ಭುಜಂಗರಾವ್ ಹತ್ತಿರ ದುಭಾಷಿಯಾಗಿ ಮನ್ಮಥಪ್ಪನೂ ಹೋದ. ವೈದ್ಯರು ಎದೆಗೆ ಸ್ಟೆತಾಸ್ಕೋಪಿನ ನಳಿಕೆಯಿಟ್ಟು ಕೇಳಿದರು, ತೊಡೆಯ ಸಂದಿಯಲ್ಲಿ ನಾಡಿ ಹಿಡಿದರು, ಆಮೇಲೆ ನಿಧಾನವಾಗಿ ಹೇಳತೊಡಗಿದರು.

"ತಾಯಿಯ ಹೊಟ್ಟ್ಯಾಗ ಮರಿ ಉಸಿರಾಡೂದಿಲ್ಲಂತ," ಮನ್ಮಥಪ್ಪ ಕನ್ನಡಕ್ಕಿಳಿಸಿದ. "ಅದಕ್ಕ ರಕ್ತ ಪುಪ್ಪುಸ ಬಿಟ್ಟು ಹೋಗಾಕ ಒಂದು ಅಡ್ಡನಾಳ ಇರ್ತದಂತ. ಹುಟ್ಟಿದ ಮ್ಯಾಲ ಅದು ಮುಚ್ಚಬೇಕು. ಇದರದು ಮುಚ್ಚಿಲ್ಲ. ಹಿಂಗ ಬಿಟ್ರ ವರ್ಷ ತುಂಬೂದು ಕಷ್ಟ. ಮುಂಬಯಿಯಾಗ ಎದೆ ತೆರೆದು ಆ ನಾಳ ಕಟ್ಟತಾರಂತ."

ವೈದ್ಯರು ಇನ್ನೊಂದು ಮಾತನ್ನೂ ಹೇಳಿದ್ದರು: ಆ ಗುಂಯ್ ಸದ್ದೇ ರೋಗದ ಗುರುತು, ಹುಟ್ಟಿದಾಗಲೇ ಕೇಳಿಸಿರಬೇಕು. ಅದೊಂದನ್ನು ಮನ್ಮಥಪ್ಪ ನುಂಗಿಕೊಂಡ.

ಮುಂಬಯಿಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಮುಚ್ಚುಮರೆ ಮಾಡಲಿಲ್ಲ. ಕಟ್ಟುವಾಗ ನಾಳ ಹರಿದರೆ ಮರಿ ಮೇಜಿನ ಮೇಲೇ ಹೋಗುತ್ತದೆ. ಬದುಕಿದರೆ ಪೂರ್ತಿ ಆಯುಷ್ಯ. ಜಲಜಾಕ್ಷಿ ಮರಿಯನ್ನು ಸೆರಗಿನಲ್ಲಿ ಅವುಚಿಕೊಂಡು ಮನ್ಮಥಪ್ಪನ ಮುಖ ನೋಡಿದಳು.

"ನಿಮ್ಮ ಕಿವಿ ಎಂತ ಹೇಳ್ತದೆ? ನೀವು ಹೂಂ ಅಂದ್ರೆ ಕೊಡ್ತೇನೆ."

ಮನ್ಮಥಪ್ಪನಿಗೆ ಅನಿಸಿತು, ಇನ್ನು ಮುಚ್ಚಿಟ್ಟರೆ ಅದು ಪಾಪ.

"ನನ್ನ ಕಿವಿ ನಂಬಬ್ಯಾಡ್ರಿ ಅಕ್ಕಾರ. ಆ ಸದ್ದ ರೋಗಂತ. ನಾಲ್ಕರಾಗ ಮೂರು ಗಟ್ಟಿ ಇದ್ದವು, ನಾ ಹುಡುಕಿ ಕೆಟ್ಟಿದ್ದನ್ನ ನಿಮ್ಮ ಉಡಿಗೆ ಹಾಕೇನಿ. ಡಾಕ್ಟರ್ ಅಂದ್ರು, ನಾ ನಿಮಗ ಹೇಳಲಿಲ್ಲ."

"ದೊಡ್ಡ ಮೆಕ್ಯಾನಿಕ್ ಮಾರಾಯ್ರೆ ನೀವು!" ಎಂದಳು ಜಲಜಾಕ್ಷಿ. "ಇದು ನನ್ನ ಕೈಯಲ್ಲಿ ಉಂಡ ಮರಿ. ಇನ್ನು ಆ ಮೂರನ್ನು ಕಟ್ಟಿಕೊಂಡು ನನಗೆಂತ?" ಶಸ್ತ್ರವೈದ್ಯರತ್ತ ತಿರುಗಿ, ತನಗೆ ಬಂದಷ್ಟು ಮರಾಠಿಯಲ್ಲಿ, ತಾನೇ "ಕರಾ, ಡಾಕ್ಟರ್" ಎಂದು ಮಾಡಲು ಹೇಳಿದಳು.

ಪಕ್ಕೆಲುಬಿನ ನಡುವೆ ತೆರೆದು, ರೇಷ್ಮೆ ದಾರದಿಂದ ನಾಳ ಕಟ್ಟಿದರು. ಹರಿಯಲಿಲ್ಲ. ಮೂರನೆಯ ದಿನ ಮುತ್ತು ಎದ್ದು ನಿಂತು ಹಾಲು ಕುಡಿಯಿತು. ಶಸ್ತ್ರವೈದ್ಯರು ನಳಿಕೆಯನ್ನು ಮನ್ಮಥಪ್ಪನ ಕೈಗೇ ಕೊಟ್ಟು, ಕೇಳು ಎಂದರು. ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಗುಂಯ್ ಸದ್ದಿಲ್ಲ, ಕೈಗಡಿಯಾರದಂತೆ ಬರೀ ಟಿಕ್‌ಟಿಕ್. ಆಮೇಲೆ ನಳಿಕೆಯನ್ನು ವಾಪಸು ಚಾಚಿ, "ನೀವ ಹೇಳ್ರಿ ಸಾಹೇಬ್ರ," ಎಂದ, "ಹಿಂಗ ಇರಬೇಕೇನ್ರಿ?"