ಬಾವಾರ ಇಂಜೆಕ್ಷನ್

ಕೊಲ್ಲಿ ನಾಡಿನ ಮೈದಾನ್ ಹವಲ್ಲಿಯ ದಿನಸಿ ಅಂಗಡಿಯೊಂದರಲ್ಲಿ ಬಾವಾ ಇಪ್ಪತ್ತಾರು ವರ್ಷಗಳಿಂದ ಕೆಲಸಕ್ಕಿದ್ದರು. ಬಂಟ್ವಾಳದ ಕಡೆಯ ಮನುಷ್ಯ. ಮಾತು ಕಡಿಮೆ, ನಗು ಜಾಸ್ತಿ. ಕಳೆದ ವರ್ಷ ಮೂತ್ರ ಕಟ್ಟಿಕೊಂಡು ಆಸ್ಪತ್ರೆಗೆ ಹೋದಾಗ ಪ್ರಾಸ್ಟೇಟ್ ಕ್ಯಾನ್ಸರ್ ಎಂದರು. ಗಂಡು ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್, ಮೂರು ತಿಂಗಳಿಗೊಮ್ಮೆ. ವೀಸಾ ಕೊಟ್ಟ ಧಣಿ ಕಫೀಲನಿಗೆ ಗೊತ್ತಾದರೆ ಊರಿಗೆ ಕಳಿಸಿಯಾನೆಂಬ ಭಯ ಒಂದು ಕಡೆ, ಕಾಯಿಲೆ ಬಂದ ಜಾಗದ ನಾಚಿಕೆ ಇನ್ನೊಂದು ಕಡೆ. ಊರಲ್ಲಿದ್ದ ಹೆಂಡತಿ ಆಮಿನಮ್ಮನಿಗೂ ಅವರು ಬಾಯಿ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಬೇಕಾದ ಎರಡನೆಯ ಡೋಸನ್ನು ಮೊದಲೇ ತಂದು ರೂಮಿನ ಫ್ರಿಜ್ಜಿನಲ್ಲಿಟ್ಟ ಮರುದಿನವೇ ಏನೋ ಬದಲಾಯಿತು. ಒಟ್ಟಿಗೆ ಉಣ್ಣುತ್ತಿದ್ದ ರೂಮಿನ ಜೊತೆಗಾರರು ಮೊದಲೇ ಉಂಡು ಎದ್ದಿದ್ದರು. ಎದುರು ಫ್ಲ್ಯಾಟಿನ ಸುಲೈಖಾ ಲಿಫ್ಟಿನಲ್ಲಿ ಇವರನ್ನು ಕಂಡದ್ದೇ ಮಗಳ ಕೈ ಎಳೆದುಕೊಂಡು ಮೆಟ್ಟಿಲಿನತ್ತ ತಿರುಗಿದಳು. "ಬಾಯ್ ಬಾವಾಕ" ಎಂದ ಮಗುವಿನ ಬೆನ್ನಿಗೆ ಗುದ್ದು ಬಿತ್ತು.

ಕೊನೆಗೆ ಕೇಳಿದವನು ರೂಮಿನ ಶಿಹಾಬ್.

"ಬಾವಾಕ, ಸತ್ಯ ಹೇಳಿ. ನಿಮ್ಮ ಮೇಲೆ ಕೇಸು ಉಂಟಾ?"

"ಎಂತ ಕೇಸು?"

"ಫ್ರಿಜ್ಜಿನ ಮದ್ದಿನ ಹೆಸರು ಫೋನಿನಲ್ಲಿ ಹಾಕಿ ನೋಡಿದೆ. ಮಕ್ಕಳ ಮೇಲೆ ಕೈ ಹಾಕಿದವರಿಗೆ ಕೆಲವು ದೇಶದಲ್ಲಿ ಕೊಡುವುದಂತೆ. ಒಬ್ಬನಲ್ಲಿ ಹೇಳಿದ್ದು, ಬಿಲ್ಡಿಂಗೆಲ್ಲ ಹೋಯಿತು."

ಕಾಯಿಲೆಯ ಹೆಸರು ಹೇಳಲು ನಾಚಿಕೆಯಾಗಿ ಬಾವಾ ಗೋಡೆಗೆ ಮುಖ ತಿರುಗಿಸಿ ಮಲಗಿದರು. ಎರಡು ದಿನ ಅಂಗಡಿಗೆ ಹೋಗಲಿಲ್ಲ. ಮೆಟ್ಟಿಲ ಮೇಲಿನ ಪ್ರತಿ ಹೆಜ್ಜೆಯೂ ಪೊಲೀಸರದೇ ಅನಿಸುತ್ತಿತ್ತು. ಇಂಜೆಕ್ಷನ್ನಿನ ದಿನವೂ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಕಾಯಿಲೆ ಏರಿದರೆ ಏರಲಿ, ಈ ಹೆಸರು ಬೇಡ.

ಮೂರನೆಯ ದಿನ ಆಸ್ಪತ್ರೆಯ ನರ್ಸ್ ಪುಷ್ಪಾವತಿ ಫೋನು ಮಾಡಿದರು. "ಡೇಟು ದಾಟಿತಲ್ಲ ಬಾವಾಕ, ಎಂತ ಮಾಡ್ತಾ ಇದ್ದೀರಿ?" ಊರಿನ ಕನ್ನಡ ಕಿವಿಗೆ ಬಿದ್ದದ್ದೇ ಬಾವಾ ಅತ್ತುಬಿಟ್ಟರು. ಶಿಹಾಬನನ್ನೂ ಕರೆದುಕೊಂಡೇ ಆಸ್ಪತ್ರೆಗೆ ಹೋದರು. ಇವನಿಗೆ ತಿಳಿಸಿ ಎಂದು ಬಾವಾ ಹೇಳಿದ ಮೇಲೆ ಪುಷ್ಪಾವತಿ ಅವನಿಗೆ ಫೈಲು ತೋರಿಸಿ ಎಲ್ಲ ಬಿಡಿಸಿ ಹೇಳಿದರು. ಹುಡುಗ ತಲೆ ಎತ್ತಲಿಲ್ಲ.

"ಸಿಸ್ಟರ್, ಶಿಹಾಬ್ ಹೇಳಿದ ಆ ಬೇರೆಯವರಿಗೂ ಕೊಡುವುದು ನಿಜವಾ?" ಬಾವಾ ಕೇಳಿದರು.

"ನಿಜ. ಕೆಲವರಿಗೆ ಕೋರ್ಟು ಹೇಳ್ತದೆ. ಇನ್ನು ಕೆಲವರಿಗೆ ಎಲ್ಲಿ ತಪ್ಪು ಮಾಡಿಬಿಡ್ತೇವೋ ಎಂದು ತಮ್ಮದೇ ಹೆದರಿಕೆ, ತಾವೇ ಕೇಳಿ ತಗೊಳ್ತಾರಂತೆ."

ಸೂಜಿ ಇಳಿಯುವಾಗ ಬಾವಾ ಕಣ್ಣು ಮುಚ್ಚಿದರು. ತನ್ನನ್ನು ತಾನೇ ನಂಬದೆ ತೋಳು ಚಾಚಿ ಕೂತ ಯಾವನೋ ಒಬ್ಬ ಪಕ್ಕದಲ್ಲೇ ಇದ್ದಂತೆ ಅನಿಸಿತು. ಅಂಥವನ ಮೇಲೆ ಸಿಟ್ಟೋ ಕನಿಕರವೋ, ತಿಳಿಯಲಿಲ್ಲ.

ಶಿಹಾಬ್ ಅಂದೇ ಮನೆಮನೆಗೆ ಹೋಗಿ ತಪ್ಪು ಒಪ್ಪಿಕೊಂಡ. ಸುಲೈಖಾ ಮಗಳೊಂದಿಗೆ ಅಂಗಡಿಗೆ ಬಂದು, "ಮಾಫ್ ಮಾಡಿ ಬಾವಾಕ" ಎಂದಳು. ಮಗು ಮೊದಲಿನಂತೆ ಕೈ ಚಾಚಿತು. ಬಾವಾ ನಕ್ಕರು. ಆದರೆ ಆ ಕೈ ಹಿಡಿಯುವ ಮೊದಲು ಬಾಗಿಲಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣು ಅತ್ತ ಹೊರಳಿತು.