ಮಿಮಿಗೆ ಚಡ್ಡಿ ಬೇಡ

ಇಲ್ಲ, ನಾನು ಮಿಮಿಗೆ ಚಡ್ಡಿ ಹಾಕುದಿಲ್ಲ. ಕಾಡಿಗೆ ಹೋಗುವ ಚಿಂಪಾಂಜಿಗೆ ಎಂಥ ಚಡ್ಡಿ?

ದೋಹಾದ ಒಂದು ಬಂಗ್ಲೆಯಿಂದ ಬಿಡಿಸಿ ತಂದ ಅವಳಿಗೆ ಮನುಷ್ಯರ ಚಾಳಿ ಮರೆಸುದೇ ಆಗ ಅಲ್ಲಿನ ಪ್ರಾಣಿ ರಕ್ಷಣಾ ಕೇಂದ್ರದಲ್ಲಿ ನನ್ನ ಕೆಲಸ. ಆಫ್ರಿಕಾದ ವಿಮಾನಕ್ಕೆ ಒಂದೇ ವಾರ ಇರುವಾಗ ಆ ಬಂಗ್ಲೆಯ ಮ್ಯಾನೇಜರ್, ನಮ್ಮ ಪುತ್ತೂರಿನ ಹಮೀದಾಕ, ಚಡ್ಡಿ ಚಾಕಲೇಟು ಹಿಡ್ಕೊಂಡು ಬಂದ್ರು.

“ಸಾಹೇಬರ ಮಗಳ ಬರ್ತ್‌ಡೇ. ಒಂದು ದಿನಕ್ಕೆ ಕಳಿಸು ಮಾರಾಯ.”

“ಒಂದು ದಿನ ಹೋದ್ರೆ ಕಲಿತದ್ದೆಲ್ಲ ಖಲಾಸ್. ಆಮೇಲೆ ಕಾಡಲ್ಲಿ ಬೇಟೆಗಾರನಿಗೂ ಸಲಾಂ ಹೊಡಿತಾಳೆ.”

“ಕಾಲೇಜು ಬಿಟ್ಟವ ನಂಗೆ ಪಾಠ ಹೇಳ್ತೀಯಾ?”

“ಅವಳೂ ಡಿಗ್ರಿ ಮಾಡಿಲ್ಲ. ಅವಳನ್ನೇ ಕೇಳಿ.”

ಹಮೀದಾಕ ಚಾಕಲೇಟು ಚಾಚಿ ಕರೆದ್ರು. ಮಿಮಿ ಚಾಕಲೇಟು ನೋಡಿದ್ಲು, ಚಡ್ಡಿ ನೋಡಿದ್ಲು. ಎದ್ದು, ನಾವು ಮರದ ಕೊಂಬೆ ಕಟ್ಟಿದ್ದ ಅಂಗಳಕ್ಕೆ ಹೊರಟ್ಲು. ಎಸಿ ತಂಪು ಹೋಗ್ತದೆ ಅಂತ ಹಮೀದಾಕರೇ ಕಲಿಸಿದ ಒಂದು ಚಾಳಿ ಮಾತ್ರ ಉಳಿದಿತ್ತು. ಹೋಗುವಾಗ ಬಾಗಿಲು ಹಾಕಿಕೊಂಡೇ ಹೋದ್ಲು.