ಒದ್ದೆ ಬಟ್ಟೆಯ ಕೆಳಗಿನ ಮುಖ

ಇಂಥ ಕಥೆ ಹೇಳುವವರನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಏನೋ ಕಂಡೆ ಎಂದರೆ, ರಾತ್ರಿ ಊಟಕ್ಕೆ ಏನಿತ್ತು ಎಂದು ಕೇಳುತ್ತಿದ್ದೆ. ಹಾಗೆಂದು ನನ್ನನ್ನು ಧೈರ್ಯಸ್ಥನೆಂದು ತಿಳಿಯಬೇಡಿ. ಗ್ಯಾಸ್ ಆರಿಸಿದೆನೇ, ಬೀಗ ಹಾಕಿದೆನೇ, ಎಡಗೈ ಜೋಮು ಹಿಡಿದದ್ದು ಹೃದಯದಿಂದಲೇ ಇರಬಹುದೇ ಎಂದು ದಿನವಿಡೀ ಹೆದರಿಯೇ ನನಗೆ ಸುಸ್ತಾಗುತ್ತಿತ್ತು. ದೆವ್ವಕ್ಕೆ ಹೆದರಲು ಪುರುಸೊತ್ತೇ ಇರಲಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಶುಕ್ರವಾರದ ಸಂಜೆಯನ್ನು ನಡೆದ ಹಾಗೇ ಬರೆಯುತ್ತೇನೆ. ನಿಮಗೇನಾದರೂ ಹೊಳೆದರೆ ನೀವು ನನಗಿಂತ ಬುದ್ಧಿವಂತರು.

ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಲವತ್ತೇಳನೇ ವಯಸ್ಸಿನಲ್ಲಿ ರಜೆ ಹಾಕಿ, ಚಿಕ್ಕಬಳ್ಳಾಪುರದ ಹೊರಗೆ ಒಂದು ವಿಶ್ವವಿದ್ಯಾಲಯದಲ್ಲಿ ಲಲಿತಕಲೆ ಓದಲು ಸೇರಿದೆ. ಅಲ್ಲಿ ಚಿತ್ರ ಬರೆಯುವವನು ಮಣ್ಣನ್ನೂ ಮುಟ್ಟಬೇಕು, ಶಿಲ್ಪ ಮಾಡುವವನು ಹಾಡಲೂ ಬೇಕು, ನಾಟಕದವರು ಕುಂಚವನ್ನೂ ಹಿಡಿಯಬೇಕು. ನಾನು ಸರಿಗಮ ಹಾಡಿದ ದಿನ ಸಂಗೀತದ ಮೇಡಂ ಬಹಳ ಮೃದುವಾಗಿ, ನೀವು ತಾಳ ಹಾಕಿದರೆ ಸಾಕು ಎಂದರು. ಶುಕ್ರವಾರ ಮಧ್ಯಾಹ್ನ ‘ಕೈ ಬದಲು’ ಎಂಬ ಪದ್ಧತಿಯೊಂದಿತ್ತು. ಒಂದು ಗಂಟೆ ಕಾಲ ಬೇರೆ ವಿಭಾಗದ ವಿದ್ಯಾರ್ಥಿ ನಿಮ್ಮ ಕೆಲಸದ ಮೇಲೆ ಕೈಯಾಡಿಸಬಹುದು, ನೀವು ತಡೆಯುವ ಹಾಗಿಲ್ಲ.

ಆ ಸಲದ ಅಭ್ಯಾಸವೆಂದರೆ, ನೆನಪಿನಲ್ಲಿರುವ ಒಬ್ಬ ವ್ಯಕ್ತಿಯನ್ನು ಗೆರೆಯಲ್ಲಿ, ಮಣ್ಣಿನಲ್ಲಿ, ದನಿಯಲ್ಲಿ ತರುವುದು. ನಾನು ತಮ್ಮ ರಮೇಶನನ್ನು ಆರಿಸಿಕೊಂಡೆ. ಆಗ ನಾವಿದ್ದ ಗೌರಿಬಿದನೂರಿನ ಮನೆಯಿಂದ ಅವನು ಹತ್ತೊಂಬತ್ತನೇ ವಯಸ್ಸಿಗೆ ಹೊರಟುಹೋದ. ಪಿಯುಸಿಯಲ್ಲಿ ಎರಡನೇ ಸಲ ಫೇಲಾದಾಗ ನಾನು ಅವನಿಗೆ, ನೀನು ಅನ್ನಕ್ಕೆ ದಂಡ ಎಂದಿದ್ದೆ. ಮಾರನೆಯ ಬೆಳಿಗ್ಗೆ ಅವನಿರಲಿಲ್ಲ. ಪೊಲೀಸು, ಪತ್ರಿಕೆ, ಜ್ಯೋತಿಷಿ ಎಲ್ಲ ಆಯಿತು. ಇಪ್ಪತ್ಮೂರು ವರ್ಷ ಒಂದು ಸುದ್ದಿಯಿಲ್ಲ.

ನಗರಗೆರೆಯ ಸೋದರಮಾವ ಆ ವರ್ಷ ಪಟ್ಟು ಹಿಡಿದಿದ್ದರು. ಇನ್ನು ಬರುವವನಲ್ಲ, ಮಹಾಲಯ ಅಮಾವಾಸ್ಯೆಗೆ ಹಿರಿಯರ ಜೊತೆ ಅವನಿಗೂ ಎಡೆ ಇಟ್ಟು ಮುಗಿಸಿಬಿಡಿ ಎಂದರು. ಪ್ರತಿ ವರ್ಷ ಈ ಮಾತಿಗೆ ಎದ್ದು ಒಳಗೆ ಹೋಗುತ್ತಿದ್ದ ಅಮ್ಮ ಮೊದಲ ಸಲ ಹೂಂ ಎಂದಳು. ಆಮೇಲೆ ನನ್ನ ಕೋಣೆಗೆ ಬಂದು, “ಎಡೆ ಇಡೋಕ್ಕೆ ಮುಂಚೆ ಒಂದ್ಸಲ ಅವನ ಮುಖ ನೋಡ್ತೀನಿ ಕಣಪ್ಪ. ಮಣ್ಣಲ್ಲಿ ಮಾಡ್ತೀನಿ ಅಂದ್ಯಲ್ಲ, ಬೇಗ ಮಾಡು” ಎಂದಳು. ಅಮಾವಾಸ್ಯೆಗೆ ಹತ್ತು ದಿನ ಉಳಿದಿತ್ತು.

ಹಸಿ ಮಣ್ಣಿನ ತಲೆಯನ್ನು ದಿನವೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಬಟ್ಟೆ ಒಣಗಿದರೆ ಮುಖ ಬಿರುಕು ಬಿಡುತ್ತದೆ. ಆ ಶುಕ್ರವಾರ ಹನ್ನೆರಡಕ್ಕೆ ಕೆಲಸ ನಿಲ್ಲಿಸಿ, ಅಮ್ಮನಿಗೆ ತೋರಿಸಲೆಂದು ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಂಡು, ತಲೆಯನ್ನು ಮುಚ್ಚಿದೆ. ನನ್ನ ಜಾಗಕ್ಕೆ ‘ಕೈ ಬದಲಿ’ಗೆ ಬರುವವಳು ನಾಟಕದ ಸಲ್ಮಾ, ಶಿಡ್ಲಘಟ್ಟದ ಹುಡುಗಿ. ನಾನು ಅವರ ವಿಭಾಗಕ್ಕೆ ಹೋಗಿ ನಾಟಕದಲ್ಲಿ ಮರವಾಗಿ ನಿಂತು, ಅಲ್ಲಿಂದಲೇ ಚಿಂತಾಮಣಿಯ ಬಸ್ಸು ಹತ್ತಿದೆ. ಶಿಡ್ಲಘಟ್ಟದ ನಿಲ್ದಾಣದಲ್ಲಿ ಬಸ್ಸು ನಿಂತಾಗ ನೆನಪಾಯಿತು: ಸಂಜೆ ಬಟ್ಟೆಗೆ ನೀರು ಹಾಕಿಲ್ಲ. ಶನಿವಾರ, ಭಾನುವಾರ ರಜೆ. ಬೇರೆ ಯಾರಾದರೂ ಬಿಡು ಅನ್ನುತ್ತಿದ್ದರು. ನಾನು ಇಳಿದು ವಾಪಸ್ಸು ಹೊರಟೆ.

ತಲುಪುವ ಹೊತ್ತಿಗೆ ಮಬ್ಬಾಗಿತ್ತು. ವಾಚ್‌ಮನ್ ನಾಗಪ್ಪ “ಏಂ ಸಾರ್, ಮಳ್ಳೀ ವಚ್ಚಿನಾರೇ” ಎಂದು, ಮತ್ತೆ ಬಂದಿರಲ್ಲ ಎಂದು ತೆಲುಗಿನಲ್ಲಿ ಗೊಣಗುತ್ತ ಶಿಲ್ಪದ ಕೋಣೆಯ ಬೀಗ ತೆಗೆದ. ನಾಲ್ಕು ಗಂಟೆಗೆ ಅವನೇ ಹಾಕಿದ ಬೀಗ. ಒಳಗೆ ಹದಿಮೂರು ತಲೆಗಳು ಸಾಲಾಗಿ, ಮುಖಕ್ಕೆ ಬಟ್ಟೆ ಹೊದ್ದು ಕೂತಿದ್ದವು. ಒಂದು ಕಡೆಯಿಂದ ಮಾತ್ರ ತೊಟ್ಟಿಕ್ಕುವ ಸದ್ದು. ನನ್ನದರಿಂದ. ಬಟ್ಟೆ ಆಗತಾನೇ ಹಿಂಡದೆ ಹಾಕಿದಷ್ಟು ಒದ್ದೆಯಾಗಿತ್ತು.

ತೆಗೆದೆ. ರಮೇಶನೇ. ಆದರೆ ಹತ್ತೊಂಬತ್ತರವನಲ್ಲ. ಹಣೆಯ ಮೇಲೆ ಕೂದಲು ಹಿಂದೆ ಸರಿದಿತ್ತು. ಕಣ್ಣಿನ ಕೆಳಗೆ ಚೀಲ, ಬಾಯಿಯ ಎರಡೂ ಬದಿಗೆ ಆಳವಾದ ಗೆರೆ, ಕತ್ತಿನ ಚರ್ಮ ಸಡಿಲ. ಬಿಸಿಲಲ್ಲಿ ದುಡಿದು ಬಂದವನ ಹಾಗೆ ತುಟಿ ಸ್ವಲ್ಪ ತೆರೆದಿತ್ತು. ಅಷ್ಟು ಚೆನ್ನಾಗಿ ಮಾಡಲು ನನಗೆ ಬರುವುದಿಲ್ಲ, ಸಂಕೋಚವಿಲ್ಲದೆ ಹೇಳುತ್ತೇನೆ. ಕೆನ್ನೆ ಮುಟ್ಟಿದೆ. ಹಸಿ ಮಣ್ಣು ಯಾವಾಗಲೂ ತಣ್ಣಗಿರುತ್ತದೆ. ಇದು ತಣ್ಣಗಿರಲಿಲ್ಲ.

ಸ್ಟೂಲಿನ ಮೇಲೆ ಕೂತು ಸಲ್ಮಾಳಿಗೆ ಫೋನ್ ಮಾಡಿದೆ. ಸಿಟ್ಟಾಗಬೇಕೆಂದೇ ಮಾಡಿದ್ದು; ಅವಳು ನಾನೇ ತಿದ್ದಿದೆ ಎಂದಿದ್ದರೆ ಕಾಲಿಗೆ ಬೀಳುತ್ತಿದ್ದೆ. “ನಾನ್ ಮುಟ್ಟೇ ಇಲ್ಲ ಅಂಕಲ್,” ಎಂದಳು. “ತಮ್ಮ, ಚಿಕ್ಕ ಹುಡುಗ ಅಂದಿದ್ರಲ್ಲ ನೀವು. ತೆಗೆದು ನೋಡಿದ್ರೆ ಯಾರೋ ವಯಸ್ಸಾದೋರು. ಕೆಡಿಸ್ಬಿಡ್ತೀನೇನೋ ಅಂತ ಭಯ ಆಗಿ ಹಂಗೇ ಮುಚ್ಚಿಟ್ಟೆ.” ನೀರು ಹಾಕಿದೆಯಾ ಎಂದೆ. ಹಾಕಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಮಧ್ಯಾಹ್ನದ ಚಿತ್ರ ತೆಗೆದು ನೋಡಿದೆ. ಅದರಲ್ಲಿ ಹುಡುಗನೇ ಇದ್ದ.

ಹಿಂದೆ ಬಂದು ನಿಂತ ನಾಗಪ್ಪ ಒಮ್ಮೆ ಮಣ್ಣನ್ನು, ಒಮ್ಮೆ ನನ್ನನ್ನು ನೋಡಿದ. “ನಿಮ್ಮಣ್ಣಾರಾ ಸಾರ್?” ಎಂದ.

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ನನಗಿಂತ ಐದು ವರ್ಷ ಚಿಕ್ಕವನು ಎಲ್ಲಿ ಏನು ಪಟ್ಟರೆ ನನಗೆ ಅಣ್ಣನ ಹಾಗೆ ಕಾಣುತ್ತಾನೆ? ಮತ್ತೆ ಮುಚ್ಚಬೇಕಿತ್ತು. ಆ ಮುಖದ ಮೇಲೆ ಒದ್ದೆ ಬಟ್ಟೆ ಎಳೆಯಲು ಕೈ ಬರಲಿಲ್ಲ. ಕೊನೆಗೆ ಮೂಗೊಂದನ್ನು ಬಿಟ್ಟು ಸುತ್ತಿದೆ. ಹೀಗೆ ಯಾರೂ ಮಾಡುವುದಿಲ್ಲ. ಸೋಮವಾರ ಮೂಗಿನ ತುದಿ ಬಿರಿದಿತ್ತು. ಉಳಿದಂತೆ ಮುಖ ಹಾಗೆಯೇ ಇತ್ತು.

ರಮೇಶನಿಗೆ ಎಡೆ ಬೇಡ ಎಂದು ಮಾವನಿಗೆ ಹೇಳಿದೆ. ಬದುಕಿದ್ದಾನೆಂದು ನಿನಗೆ ಯಾರು ಹೇಳಿದರು ಎಂದು ಅವರು ಜಗಳಕ್ಕೇ ನಿಂತರು. ಆ ಅಮಾವಾಸ್ಯೆಗೆ ಎಡೆ ಇಡಲಿಲ್ಲ, ಇವತ್ತಿನವರೆಗೂ ಇಟ್ಟಿಲ್ಲ.

ಆ ತಲೆ ಇನ್ನೊಮ್ಮೆ ಬಿರಿಯಬಾರದೆಂದು ಅವಸರಪಟ್ಟು, ಒಳಗೆ ಟೊಳ್ಳು ಮಾಡಿ ಒಣಗಿಸಿ, ಭಟ್ಟಿಯಲ್ಲಿ ಸುಡಿಸಿ ಮನೆಗೆ ತಂದೆ. ಅಮ್ಮನಿಗೆ ಏನೂ ಹೇಳಿರಲಿಲ್ಲ. ಅವಳು ಬಹಳ ಹೊತ್ತು ಕೆನ್ನೆಯ ಮೇಲೆ ಕೈಯಾಡಿಸಿ, “ಇವನಿಗೆ ಎಡಗಡೆ ಹಲ್ಲು ಹೋಗಿದೆ ಕಣೋ” ಎಂದಳು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಈಗ ಅದು ಅವಳ ಮಂಚದ ಪಕ್ಕ ಇದೆ. ವರ್ಷಗಳಾದವು, ಒಂದು ಗೆರೆಯೂ ಹೆಚ್ಚಾಗಿಲ್ಲ. ಸುಟ್ಟ ಮಣ್ಣು ಬದಲಾಗುವುದಿಲ್ಲ, ಅದು ಮಕ್ಕಳಿಗೂ ಗೊತ್ತು. ಹಸಿಯಾಗಿಯೇ ಇಟ್ಟಿದ್ದರೆ ಇವತ್ತು ಅವನು ಹೇಗಿದ್ದಾನೆ, ಇದ್ದಾನೋ ಇಲ್ಲವೋ, ಬಟ್ಟೆ ಎತ್ತಿ ನೋಡಬಹುದಿತ್ತೇನೋ. ನೋಡುವ ಧೈರ್ಯ ನನಗಿರುತ್ತಿತ್ತೇ, ಅದೂ ಗೊತ್ತಿಲ್ಲ.